ಅಮ್ಮ ತೀರಿಸದೆ ಹೋದ ಹರಕೆಗಳು

ಗುರುವಾರ, ಸೆಪ್ಟೆಂಬರ್ 5, 2024

ಮುಂಬಯಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಅಕ್ಕ ಬಂದಳು, ಬೆಂಗಳೂರಿನಿಂದ ಪಂಚಗಂಗಾದಲ್ಲಿ ನಾನು. ಉಡುಪಿಯ ಇಂದ್ರಾಳಿ ಸ್ಟೇಶನ್ನಿನಲ್ಲಿ ಬೆಳಗಿನ ಜಾವದಿಂದಲೇ ಮಳೆ. ತಮ್ಮ ಕಾರು ತಂದಿದ್ದ. ಅಮ್ಮ ತೀರಿಕೊಂಡ ಮೇಲೆ ಇದು ಮೊದಲನೆಯ ಮೊಂತಿ ಹಬ್ಬ, ನಮ್ಮ ಕ್ರಿಸ್ತುವರ ತೆನೆಹಬ್ಬ. ಮಾರ್ಚಿನಲ್ಲಿ, ಈಸ್ಟರಿನ ಮುಂಚಿನ ತಪಸ್ಸುಕಾಲದ ನಡುವೆ, 96ರ ವಯಸ್ಸಿನಲ್ಲಿ ಅವರು ಹೋದಾಗ ಎಲ್ಲರೂ ಧಾವಿಸಿ ಬಂದು, ಮಣ್ಣು ಮಾಡಿ, ಏಳನೆಯ ದಿನದ ಪೂಜೆ ಮುಗಿಸಿ ಮತ್ತೆ ಚೆದುರಿ ಹೋಗಿದ್ದೆವು. ಕೂತು ನೆನೆಯಲು ಯಾರಿಗೂ ಹೊತ್ತು ಸಿಕ್ಕಿರಲಿಲ್ಲ.

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಶಂಕರಪುರದ ಮೇಲೆ ಶಿರ್ವದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಮನೆ ಮನೆಯ ಅಂಗಳದಲ್ಲಿ ಮಲ್ಲಿಗೆ. ನಮ್ಮ ಮನೆ ಇರುವುದು ಈ ರಸ್ತೆಯಿಂದ ಒಳಕ್ಕೆ, ಗದ್ದೆಯ ಅಂಚಿನಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಆಲ್ತಾರ್: ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ವೇಲಾಂಕಣಿ ಮಾತೆ, ಪಕ್ಕದಲ್ಲಿ ಅಪ್ಪನ ಫೋಟೊ. ಅಮ್ಮನ ಫೋಟೊವನ್ನು ತಮ್ಮ ಇನ್ನೂ ತೂಗುಹಾಕಿಲ್ಲ. ‘ನೀವಿಬ್ಬರೂ ಬಂದ ಮೇಲೆ ಎಂದುಕೊಂಡೆ’ ಎಂದ.

ಸಂಜೆ ತೇರ್ಸು, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ತಮ್ಮ ಅಮ್ಮನ ಪ್ರಾರ್ಥನೆಯ ಪುಸ್ತಕ ತಂದು ನಮ್ಮ ಮುಂದಿಟ್ಟ. ಕನ್ನಡ ಲಿಪಿಯ ಕೊಂಕಣಿ ಪುಸ್ತಕ. ಮೂಲೆಗಳು ಸವೆದು ದುಂಡಗಾಗಿದ್ದವು, ಬೆನ್ನಿಗೆ ಬಟ್ಟೆ ಅಂಟಿಸಿ ಹೊಲಿದಿತ್ತು. ಹಾಳೆಗಳ ನಡುವೆ ಸತ್ತವರ ನೆನಪಿನ ಕಾರ್ಡುಗಳು. ಕೊನೆಯ ಖಾಲಿ ಪುಟಗಳಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಸಾಲುಗಳು. ಮೊದಲು ಸಾಲದ ಲೆಕ್ಕ ಎಂದುಕೊಂಡೆವು. ಅಕ್ಕ ಕನ್ನಡಕ ಹಾಕಿಕೊಂಡು ಓದಿದಾಗ ತಿಳಿಯಿತು, ಅವು ಹರಕೆಗಳು. ಯಾವ ಇಗರ್ಜಿ (ಚರ್ಚು), ಯಾರಿಗಾಗಿ, ಯಾತಕ್ಕೆ, ಏನು ಕೊಡುವುದು ಎಂದು ಒಂದೊಂದು ಸಾಲು. ತೀರಿಸಿದ ಮೇಲೆ ಅದರ ಮೇಲೊಂದು ಗೀಟು.

ಹೆಸರುಗಳನ್ನು ಓದುತ್ತ ಹೋದಂತೆ ನಾವು ಮೂವರೂ ಸುಮ್ಮನಾದೆವು. ನಮ್ಮ ಹೆಸರುಗಳು ಅಲ್ಲೊಂದು ಇಲ್ಲೊಂದು, ಅದೂ ಜ್ವರ, ಕಾಮಾಲೆ ಬಂದಾಗಿನವು. ಉಳಿದದ್ದೆಲ್ಲ ಊರಿನವರದು. ಬಸುರಿಯರು, ಗಲ್ಫಿಗೆ ಹೋದವರು, ಕೋರ್ಟಿನ ಕೇಸು ನಡೆಯುತ್ತಿದ್ದವರು, ಯಾರದೋ ಹಸು. ನಮಗಾಗಿ ಅಮ್ಮ ಹಗಲಿರುಳು ಪ್ರಾರ್ಥಿಸುತ್ತಿದ್ದರು ಎಂದು ನಾವು ಎಲ್ಲರೆದುರು ಹೇಳಿಕೊಂಡು ಬಂದವರು. ಅವರ ಪ್ರಾರ್ಥನೆಯಲ್ಲಿ ಇಷ್ಟೊಂದು ಜನ ಇದ್ದದ್ದು ನಮಗೆ ಗೊತ್ತೇ ಇರಲಿಲ್ಲ.

ಕೆಲವು ಸಾಲುಗಳ ಮೇಲೆ ಗೀಟಿರಲಿಲ್ಲ. ಕಲ್ಯಾಣಪುರದ್ದೊಂದು, ಅತ್ತೂರಿನದೊಂದು, ಫರಂಗಿಪೇಟೆಯದೊಂದು. ‘ಹರಕೆ ಬಾಕಿ ಇಡಬಾರದು’ ಎಂದಳು ಅಕ್ಕ. ಆಕೆ ಕಾನ್ವೆಂಟಿನ ಸಿಸ್ಟರ್, ದೇವಶಾಸ್ತ್ರ ಓದಿದವಳು. ಹರಕೆಯ ವಿಷಯದಲ್ಲಿ ಮಾತ್ರ ಪೂರಾ ಅಮ್ಮನ ಮಗಳು. ಅಲ್ಲಿಗೆ ಈ ಪ್ರವಾಸ ಗಟ್ಟಿಯಾಯಿತು.

ಶುಕ್ರವಾರ, ಸೆಪ್ಟೆಂಬರ್ 6

ಮೊದಲು ಕೆಮ್ಮಣ್ಣು. ಅಮ್ಮ ಹುಟ್ಟಿದ್ದು ಇಲ್ಲಿ, ಸುವರ್ಣಾ ನದಿಯ ದಂಡೆಯಲ್ಲಿ, 1928ರ ಜನವರಿಯಲ್ಲಿ. ಕಡಲು ಸೇರುವ ಮುಂಚೆ ನದಿ ಇಲ್ಲಿ ಅಗಲವಾಗಿ ಹರಡಿ ಕುದ್ರುಗಳನ್ನು, ಅಂದರೆ ನಡುಗಡ್ಡೆಗಳನ್ನು, ಮಾಡಿಕೊಂಡಿದೆ. ಈಗ ತೂಗುಸೇತುವೆ ನೋಡಲು ಜನ ಬರುತ್ತಾರೆ. ಅಮ್ಮನ ಕಾಲಕ್ಕೆ ದೋಣಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದದ್ದನ್ನು ಅವರು ಕೊನೆಯವರೆಗೂ ಖುಷಿಯಿಂದ ಹೇಳುತ್ತಿದ್ದರು. ಅವರ ತವರುಮನೆ ಇದ್ದಲ್ಲಿ ಈಗ ಯಾರದೋ ಎರಡು ಮಾಳಿಗೆಯ ಮನೆ. ತೆಂಗಿನ ಮರಗಳು ಮಾತ್ರ ಹಳೆಯವಿರಬೇಕು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಮೂಲ 1678ರದು. 2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಉಡುಪಿ ಬೇರೆಯಾದಾಗ ಇದೇ ಕೆಥೆಡ್ರಲ್ ಆಯಿತು. 84 ವರ್ಷ ಮಂಗಳೂರಿನ ಬಿಷಪರಿಗಾಗಿ ಪ್ರಾರ್ಥಿಸಿದ ಅಮ್ಮ ಮರುದಿನದಿಂದಲೇ ಉಡುಪಿಯ ಬಿಷಪರ ಹೆಸರು ಹೇಳಲು ಶುರುಮಾಡಿದರು; ಮಂಗಳೂರಿನವರ ಹೆಸರನ್ನೂ ಬಿಡಲಿಲ್ಲ. ಹಿಂದೆ ದೊಡ್ಡ ಹಬ್ಬಗಳಿಗೆ ಅವರ ಮನೆಯವರೆಲ್ಲ ನಡೆದು ಬರುತ್ತಿದ್ದದ್ದು ಇಲ್ಲಿಗೇ.

ಅವರ ಬಾಲ್ಯದ ಪೂಜೆ ಪೂರಾ ಲ್ಯಾಟಿನಿನಲ್ಲಿ. ಪಾದ್ರಿಗಳು ಪೀಠದ ಕಡೆ ಮುಖಮಾಡಿ ನಿಲ್ಲುತ್ತಿದ್ದರು, ಜನ ಹಿಂದೆ ಮೊಣಕಾಲೂರಿ ತಮ್ಮ ಪಾಡಿಗೆ ಜಪಮಾಲೆ ಹೇಳುತ್ತಿದ್ದರು. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದ ಅಮ್ಮನಿಗೆ ‘ಓರಾ ಪ್ರೊ ನೋಬಿಸ್’ ಅಂದರೆ ‘ನಮಗಾಗಿ ಪ್ರಾರ್ಥಿಸು’ ಎಂದಷ್ಟು ಗೊತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 60ರ ದಶಕದಲ್ಲಿ, ಪೂಜೆ ಕೊಂಕಣಿಗೆ ತಿರುಗಿತು. ಆಗ ಅವರಿಗೆ ನಲವತ್ತರ ಹತ್ತಿರ. ‘ಅಷ್ಟು ವರ್ಷ ಬಾಗಿಲ ಹೊರಗೆ ನಿಂತು ಕೇಳಿದ್ದೆ. ಆವತ್ತು ಒಳಗೆ ಕರೆದರು’ ಎನ್ನುತ್ತಿದ್ದರು. ಲ್ಯಾಟಿನ್ ಹಾಡುಗಳನ್ನು ಮಾತ್ರ ಬಿಡಲಿಲ್ಲ. 90 ದಾಟಿದ ಮೇಲೂ ‘ಸಾಲ್ವೆ ರೆಜೀನಾ’ವನ್ನು ಒಂದು ಅಕ್ಷರ ತಪ್ಪದೆ ಹಾಡುತ್ತಿದ್ದರು.

ಇಲ್ಲಿನ ಬಾಕಿ ಹರಕೆ: ‘ಮಿಲಾಗ್ರ್ ಸಾಯ್ಬಿಣಿಗೆ ಎರಡು ಮೇಣದಬತ್ತಿ – ಧಣಿ ಅಮ್ಮನ ಕಣ್ಣು.’

ಮಿಲಾಗ್ರ್ ಸಾಯ್ಬಿಣ್ ಅಂದರೆ ಪವಾಡಗಳ ಮಾತೆ, ಮರಿಯಮ್ಮ. ಈ ಸಾಲಿನ ಹಿಂದಿರುವುದನ್ನು ಹೇಳಬೇಕು. ನಾವು ಗೇಣಿ ಒಕ್ಕಲು. ಗದ್ದೆಯೂ ಮನೆ ನಿಂತ ಜಾಗವೂ ಧಣಿಗಳದು. ಅಪ್ಪ ಮುಂಬಯಿಯಲ್ಲಿ ದುಡಿಯುತ್ತಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಉಳುಮೆ, ಗೇಣಿ, ಅತ್ತೆಯ ಆರೈಕೆ, ಮಕ್ಕಳು ಎಲ್ಲ ಅಮ್ಮನ ತಲೆಯ ಮೇಲೆ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ಕಾಯಿದೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನು ಡಿಕ್ಲರೇಶನ್ ಕೊಟ್ಟರೆ ನ್ಯಾಯಮಂಡಳಿಯ ಮುಂದೆ ವಿಚಾರಣೆಯಾಗಿ ಜಾಗ ಅವನದಾಗುತ್ತಿತ್ತು. ನಮ್ಮ ಕಡೆಯ ಎಷ್ಟೋ ಕ್ರಿಸ್ತುವ ಮನೆಗಳು, ಬಿಲ್ಲವರ ಮನೆಗಳು ಹಾಗೆ ಎದ್ದು ನಿಂತವು.

ಅಮ್ಮ ಡಿಕ್ಲರೇಶನ್ ಕೊಡುವ ಮುಂಚಿನ ದಿನ ಸಂಜೆ ಒಂದು ಚೆಂಡು ಮಲ್ಲಿಗೆ, ಒಂದು ಬುಟ್ಟಿ ಮುಳ್ಳುಸೌತೆ ಹಿಡಿದುಕೊಂಡು ಧಣಿಗಳ ಮನೆಗೆ ಹೋದರು. ನಾನು ಸೆರಗು ಹಿಡಿದು ಜೊತೆಗಿದ್ದೆ. ಧಣಿಯಮ್ಮ ಚಾವಡಿಗೆ ಬಂದರು. ‘ಅಮ್ಮಾ, ನಾಳೆ ಡಿಕ್ಲರೇಶನ್ ಕೊಡುತ್ತೇನೆ. ನಿಮಗೆ ಹೇಳದೆ ಕೊಟ್ಟರೆ ನನಗೆ ಪಾಪ ನಿವೇದನೆಗೆ ಹೋಗಲಿಕ್ಕೆ ಆಗುವುದಿಲ್ಲ’ ಎಂದರು ಅಮ್ಮ. ಧಣಿಯಮ್ಮ ತುಂಬ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, ‘ಕೊಡು ಬಾಯಮ್ಮ. ಎಲ್ಲರೂ ಕೊಡುತ್ತಾರೆ. ನೀನೊಬ್ಬಳು ಬಂದು ಹೇಳಿದೆ’ ಎಂದು ಹೂವು ತೆಗೆದುಕೊಂಡರು.

ಜಾಗ ನಮ್ಮದಾಯಿತು. ಅದರ ಬಗ್ಗೆ ಅಮ್ಮನಿಗೆ ಯಾವ ಅಳುಕೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಮೂರು ತಲೆಮಾರು ಬೆವರು ಸುರಿಸಿದ ಮಣ್ಣು ಅದು. ಆದರೆ ಪ್ರತಿ ವರ್ಷ ಮೊದಲ ಮುಳ್ಳುಸೌತೆ ಧಣಿಗಳ ಮನೆಗೆ ಹೋಗುವುದು ನಿಲ್ಲಲಿಲ್ಲ. ಮುಂದೆ ಧಣಿಯಮ್ಮನಿಗೆ ಕಣ್ಣು ಮಂಜಾಯಿತು. ಅಷ್ಟರಲ್ಲಿ ಅವರ ಮಕ್ಕಳು ಮನೆ ಮಾರಿ ಅವರನ್ನು ದೂರದ ಊರಿಗೆ ಕರೆದುಕೊಂಡು ಹೋದರು. ಕಣ್ಣು ಬಂದ ಸುದ್ದಿ ಬಾರದೆ ಹರಕೆ ಹಾಗೇ ಉಳಿದಿರಬೇಕು.

ಅಕ್ಕ, ನಾನು ಒಂದೊಂದು ಬತ್ತಿ ಹಚ್ಚಿದೆವು. ಆಮೇಲೆ ಇಗರ್ಜಿಯ ಕಚೇರಿಯಲ್ಲಿ ಕೇಳಿಕೊಂಡಾಗ ಹಳೆಯ ಜ್ಞಾನಸ್ನಾನದ ದಫ್ತರ ತೆಗೆದು ತೋರಿಸಿದರು. ಲ್ಯಾಟಿನ್ ಬರಹ, ಕಂದಿದ ಶಾಯಿ. ಅಕ್ಕ ಬೆರಳಿಟ್ಟು ಓದಿ ಹೇಳಿದಳು. ಹುಟ್ಟಿದ ನಾಲ್ಕನೇ ದಿನಕ್ಕೆ ಜ್ಞಾನಸ್ನಾನ. ಅಂಚಿನ ಖಾಲಿ ಜಾಗದಲ್ಲಿ ಬೇರೆ ಯಾರದೋ ಕೈಬರಹದಲ್ಲಿ ಮದುವೆಯ ದಿನಾಂಕ, 1949. ಅದರ ಕೆಳಗೆ ಜಾಗ ಉಳಿದಿತ್ತು.

ಶನಿವಾರ, ಸೆಪ್ಟೆಂಬರ್ 7

ಇವತ್ತು ಚೌತಿ. ಶಂಕರಪುರದ ಮಲ್ಲಿಗೆಗೆ ವರ್ಷದಲ್ಲೇ ದೊಡ್ಡ ಬೇಡಿಕೆಯ ದಿನಗಳು ಇವು. ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದೆವು.

ಬೆಳಕು ಹರಿಯುವ ಮೊದಲೇ ನಾದಿನಿಯ ಜೊತೆ ಗಿಡಗಳ ಸಾಲಿಗೆ ಇಳಿದೆ. ಮೊಗ್ಗು ಬಿರಿಯುವ ಮುಂಚೆ ಕೊಯ್ಯಬೇಕು, ಸಂಜೆಗೆ ಮುಡಿಯುವವರ ತಲೆಯಲ್ಲಿ ಅದು ಅರಳಬೇಕು. ಮಳೆಗಾಲದಲ್ಲಿ ಮೊಗ್ಗು ಕಡಿಮೆ, ನೀರು ಹಿಡಿದವನ್ನು ಬೇರೆ ಮಾಡಬೇಕು. ಆಮೇಲೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುವುದು. 800 ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ದರ ದಿನದಿನವೂ ಶಂಕರಪುರದ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಹಬ್ಬದ ದಿನಗಳಲ್ಲಿ ಅಟ್ಟೆಗೆ 2000 ರೂಪಾಯಿ ದಾಟುವುದುಂಟು, ಮತ್ತೆ ಕೆಲವು ದಿನ ನಾರಿನ ದುಡ್ಡೂ ಹುಟ್ಟುವುದಿಲ್ಲ. ಹೂವು ಮಂಗಳೂರು, ಮುಂಬಯಿ, ಗಲ್ಫಿನವರೆಗೆ ಹೋಗುತ್ತದೆ.

ಅಪ್ಪ ಕಳಿಸುತ್ತಿದ್ದ ಮನಿಯಾರ್ಡರು ಗೇಣಿಗೆ, ಅಕ್ಕಿಗೆ ಮುಗಿಯುತ್ತಿತ್ತು. ನಮ್ಮ ಶಾಲೆಯ ಫೀಸು, ಅಕ್ಕ ಕಾನ್ವೆಂಟಿಗೆ ಸೇರುವಾಗ ಒಯ್ದ ಟ್ರಂಕು, ತಮ್ಮನ ಐಟಿಐ ಎಲ್ಲ ಈ ಗಿಡಗಳಿಂದ ಬಂದದ್ದು. ಅಮ್ಮ ಹೂವು ಕಟ್ಟುವಾಗ ಮಾತಾಡುತ್ತಿರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು, ‘ನಮಾನ್ ಮರಿಯೆ’ (ನಮೋ ಮರಿಯಾ). ಒಂದು ಚೆಂಡು ಆಗುವಷ್ಟರಲ್ಲಿ ಮೂರು ತೇರ್ಸು ಮುಗಿಯುತ್ತಿತ್ತು. ಜಪಮಾಲೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಎರಡೂ ಕೈ ಹೂವಿನಲ್ಲಿ ಇದ್ದದ್ದರಿಂದ ಲೆಕ್ಕವೆಲ್ಲ ಮನಸ್ಸಿನಲ್ಲೇ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜಪಮಾಲೆಗೆ ಬೆಳಕಿನ ರಹಸ್ಯಗಳನ್ನು, ಅಂದರೆ ಧ್ಯಾನಿಸಬೇಕಾದ ಯೇಸುವಿನ ಬದುಕಿನ ಇನ್ನೂ ಐದು ಪ್ರಸಂಗಗಳನ್ನು, ಸೇರಿಸಿದಾಗ ಅಮ್ಮನಿಗೆ 74. ಓರಗೆಯ ಮುದುಕಿಯರು ಹಳೆಯ ಹದಿನೈದೇ ಸಾಕೆಂದರು. ಅಮ್ಮ ಮೊಮ್ಮಗಳಿಂದ ಓದಿಸಿಕೊಂಡು ವಾರದೊಳಗೆ ಐದನ್ನೂ ಬಾಯಿಪಾಠ ಮಾಡಿಕೊಂಡರು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದ ಪ್ರಸಂಗ ಅವರಿಗೆ ಬಹಳ ಇಷ್ಟ. ಉಣಬಡಿಸುವವರ ಕಷ್ಟ ಮೊದಲು ಕಂಡದ್ದು ಮರಿಯಮ್ಮನಿಗಲ್ಲವೇ ಎನ್ನುತ್ತಿದ್ದರು.

ಎಂಟು ಗಂಟೆಗೆ ಮೇಲಿನ ಮನೆಯವರ ಮಗ ಗಣಪತಿಗೆ ಹೂವು ಕೊಂಡುಹೋಗಲು ಬಂದ. ನಾದಿನಿ ದೊಡ್ಡ ಚೆಂಡನ್ನೇ ಬಾಳೆಲೆಯಲ್ಲಿ ಸುತ್ತಿಕೊಟ್ಟಳು. ದುಡ್ಡಿನ ಮಾತಿಲ್ಲ. ಚೌತಿಯ ದಿನ ಆ ಮನೆಗೆ ಹೂವು ಮಾರುವ ಪದ್ಧತಿ ನಮ್ಮಲ್ಲಿಲ್ಲ. ನಾವು ಚಿಕ್ಕವರಿದ್ದಾಗ ಒಂದು ಮಳೆಗಾಲ ಗಾಳಿಗೆ ನಮ್ಮ ಮುಳಿಹುಲ್ಲಿನ ಮಾಡು ಎದ್ದು ಹೋಗಿತ್ತು. ಅಪ್ಪ ಮುಂಬಯಿಯಲ್ಲಿ. ಅವರ ಮನೆಯ ಗಂಡಸರು ತಮ್ಮ ಕೊಟ್ಟಿಗೆಗೆಂದು ಇಟ್ಟುಕೊಂಡಿದ್ದ ಹುಲ್ಲು ಹೊತ್ತು ತಂದು ಅದೇ ದಿನ ಹೊದಿಸಿಕೊಟ್ಟರು. ಅವತ್ತಿನಿಂದ ಈ ಹೂವು.

ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋದೆವು. ಆ ಮನೆಯ ಹಿರಿಯಮ್ಮನಿಗೆ 80 ದಾಟಿದೆ. ನಮ್ಮನ್ನು ಕಂಡದ್ದೇ ಅಕ್ಕನ ಕೈ ಹಿಡಿದುಕೊಂಡು ತುಳುವಿನಲ್ಲಿ ಹೇಳತೊಡಗಿದರು: ‘ನಿಮ್ಮ ಅಮ್ಮ ಗಟ್ಟಿಗಿತ್ತಿ, ಬಾಯಮ್ಮ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ದಿನಾ ನನ್ನ ದನದ ಹಾಲು ಕರೆದು ಡೈರಿಗೆ ಹಾಕಿ, ದುಡ್ಡು ಲೆಕ್ಕ ಮಾಡಿ ಇಡುತ್ತಿದ್ದಳು. ಒಂದು ಪೈಸೆ ಹೆಚ್ಚು ಕಡಿಮೆ ಇಲ್ಲ. ಕೂತು ಅತ್ತರೆ ಬೈಯುತ್ತಿದ್ದಳು. ಅಳುವುದಾದರೆ ಹಾಲು ಕರೆಯುತ್ತ ಅಳು ಎನ್ನುತ್ತಿದ್ದಳು.’ ಹೀಗೆ ಹೇಳಿ ಅವರೇ ಅತ್ತರು. ನಮಗೂ ತಡೆಯಲಾಗಲಿಲ್ಲ.

ಭಕ್ತಿವಂತ ಹೆಂಗಸು ಎಂದರೆ ಕೈಮುಗಿದು ಕೂತವಳ ಚಿತ್ರ ಕೆಲವರ ಮನಸ್ಸಿಗೆ ಬರುತ್ತದೆ. ನಮ್ಮ ಅಮ್ಮ ಕೂತದ್ದನ್ನು ನಾನು ಕಂಡದ್ದೇ ಕಡಿಮೆ. 2020ರಲ್ಲಿ ಕೊರೊನಾದಿಂದ ಇಗರ್ಜಿ ಮುಚ್ಚಿದಾಗ ಮಾತ್ರ ಸುಮ್ಮನೆ ಕೂತರು. ಆಗ ಅವರಿಗೆ 92. ಭಾನುವಾರ ಬೆಳಿಗ್ಗೆ ಮಿಂದು, ಪೂಜೆಗೆ ಹೋಗುವ ಸೀರೆಯನ್ನೇ ಉಟ್ಟು, ತಲೆಗೆ ಸೆರಗು ಹೊದ್ದು, ತಮ್ಮ ಎತ್ತಿ ಹಿಡಿದ ಮೊಬೈಲಿನ ಮುಂದೆ ಕುರ್ಚಿಯಲ್ಲಿ. ಪರಮಪ್ರಸಾದದ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮತ್ತೆ ಇಗರ್ಜಿ ತೆರೆದ ಮೇಲೂ ಹಿರಿಯರು ಬರಬಾರದು ಎಂಬ ನಿಯಮ ಇತ್ತು. ಅದು ಅವರನ್ನು ಕಾಯಿಲೆಗಿಂತ ಹೆಚ್ಚು ಕುಗ್ಗಿಸಿತು.

ಭಾನುವಾರ, ಸೆಪ್ಟೆಂಬರ್ 8

ಮೊಂತಿ ಫೆಸ್ತ್. ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂವಿನ ತಟ್ಟೆ ಹಿಡಿದು ಇಗರ್ಜಿಗೆ ಬರುತ್ತಾರೆ. ನಾವು ಚಿಕ್ಕವರಿದ್ದಾಗ ಗುಡ್ಡದ ಮೇಲಿನ ಕಾಡುಹೂವು, ಬೇಲಿಯ ದಾಸವಾಳ, ಏನು ಸಿಕ್ಕಿದರೂ ಕೊಯ್ದು ತರುತ್ತಿದ್ದೆವು. ಮಾರುವ ಮಲ್ಲಿಗೆಗೆ ಕೈ ಹಾಕಬಾರದು. ಒಂಬತ್ತನೇ ದಿನ ಮಾತ್ರ ಅಮ್ಮ ತಾವೇ ಒಂದು ಮುಷ್ಟಿ ಮಲ್ಲಿಗೆ ನಮ್ಮ ತಟ್ಟೆಗೆ ಹಾಕುತ್ತಿದ್ದರು.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಶಿರ್ವದ ಆರೋಗ್ಯ ಮಾತೆಯ ಇಗರ್ಜಿಯ ಅಂಗಳ ಬಣ್ಣ ಬಣ್ಣದ ಮಕ್ಕಳಿಂದ ತುಂಬಿತ್ತು. ತೆನೆಯನ್ನು ಆಶೀರ್ವದಿಸಿ, ಬ್ಯಾಂಡಿನ ಜೊತೆ ಮೆರವಣಿಗೆಯಲ್ಲಿ ಒಳಗೆ ತಂದರು. ಮಕ್ಕಳು ಹೂವು ಎರಚುತ್ತ ಬಾಲ ಮರಿಯಮ್ಮನ ಮುಂದೆ ಸಾಗಿದರು. ಪೂಜೆಯ ನಂತರ ಮನೆಗೊಂದರಂತೆ ತೆನೆ, ಮಕ್ಕಳಿಗೆ ಕಬ್ಬು. ತೆನೆ ತೆಗೆದುಕೊಳ್ಳುವ ಸಾಲಿನಲ್ಲಿ ತಮ್ಮ ನಿಂತಿದ್ದ. ಅಮ್ಮ ಇದ್ದಷ್ಟು ಕಾಲ ಆ ಸಾಲಿನಲ್ಲಿ ಅಮ್ಮನೇ ನಿಲ್ಲಬೇಕು. ಗಾಲಿಕುರ್ಚಿ ಬಂದ ಮೇಲೂ ಅವರನ್ನು ತಳ್ಳಿಕೊಂಡು ಸಾಲಿಗೇ ಹೋಗುತ್ತಿದ್ದದ್ದು. ವಾರ್ಡಿನ ಮುಖಂಡರಾದ ಗುರಿಕಾರರು ಮನೆಗೇ ತಂದುಕೊಡುತ್ತೇನೆ ಎಂದಾಗ ಒಪ್ಪಿರಲಿಲ್ಲ.

ಇಗರ್ಜಿಯಿಂದ ಸಿಮಿತ್ರಿಗೆ, ಅಮ್ಮನ ಸಮಾಧಿಯ ಹತ್ತಿರ, ಹೋದೆವು. ಕಲ್ಲು ಇನ್ನೂ ಹಾಕಿಲ್ಲ, ಮಳೆಗೆ ಮಣ್ಣು ಕುಸಿದು ಕೂರಲಿ ಎಂದು ಬಿಟ್ಟಿದ್ದಾರೆ. ಅಪ್ಪನ ಪಕ್ಕದಲ್ಲಿ ಜಾಗ ಸಿಕ್ಕಿದ್ದು ನಮಗೆಲ್ಲ ದೊಡ್ಡ ಸಮಾಧಾನ. ನಲವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರು ಒಂದೇ ಸೂರಿನಡಿ ಇದ್ದದ್ದು ಅಪ್ಪನ ರಜೆಗಳಲ್ಲಿ, ಆಮೇಲೆ ನಿವೃತ್ತಿಯ ಕೆಲವು ವರ್ಷ. ಒಮ್ಮೆ ಮಾತ್ರ ಅಮ್ಮ ಮುಂಬಯಿಗೆ ಹೋಗಿದ್ದರು, 1964ರ ಡಿಸೆಂಬರಿನಲ್ಲಿ. ಪೋಪ್ ಆರನೇ ಪೌಲ್ ಪರಮಪ್ರಸಾದದ ಮಹಾಸಮ್ಮೇಳನಕ್ಕೆ ಬಂದಿದ್ದಾಗ. ಕೊಂಕಣ ರೈಲು ಕನಸಿನಲ್ಲೂ ಇಲ್ಲದ ಕಾಲ. ಬಸ್ಸು, ರೈಲು ಬದಲಿಸುತ್ತ ಹೋದರು. ಓವಲ್ ಮೈದಾನದ ಜನಸಾಗರದಲ್ಲಿ ಅಪ್ಪ ಅವರನ್ನು ಹೆಗಲಿಗೆ ಆನಿಸಿ ಎತ್ತಿ ತೋರಿಸಿದರಂತೆ. ಪೋಪರು ಕಂಡರೇ ಎಂದು ನಾವು ಕೇಳಿದರೆ, ‘ಬಿಳಿ ಟೊಪ್ಪಿ ಕಂಡಿತು. ನಿಮ್ಮಪ್ಪ ಅಷ್ಟು ಜನರ ಮುಂದೆ ಎತ್ತಿದರು’ ಎನ್ನುತ್ತಿದ್ದರು. ಎರಡನೆಯ ಮಾತು ಹೇಳುವಾಗ ಮುಖದ ಬಣ್ಣ ಬೇರೆ.

ಮನೆಯಲ್ಲಿ ನಾದಿನಿ ಒಂಬತ್ತು ಬಗೆಯ ತರಕಾರಿ ಮಾಡಿದ್ದಳು. ಇವತ್ತು ಮೀನು ಮಾಂಸ ಇಲ್ಲ, ಬಗೆಗಳ ಸಂಖ್ಯೆ ಬೆಸವಾಗಿರಬೇಕು. ಕೆಸುವಿನ ದಂಟು, ಬೆಂಡೆ, ಹೀರೆ, ಅಲಸಂಡೆ, ಮುಳ್ಳುಸೌತೆ, ಕಡಲೆ. ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲದಲ್ಲಿ ಬೆರೆಸಿದ್ದನ್ನು ಮನೆಯ ಹಿರಿಯರು ಹಂಚಬೇಕು. ಎಲ್ಲರೂ ಆಲ್ತಾರಿನ ಮುಂದೆ ನಿಂತು ಅಕ್ಕನ ಕಡೆ ನೋಡಿದೆವು. ಈಗ ಹಿರಿಯಳು ಅವಳೇ. ಆಕೆ ಪಾತ್ರೆ ತೆಗೆದುಕೊಂಡು ಮೊದಲು ನಾದಿನಿಗೆ ಕೊಟ್ಟಳು. ‘ಅಮ್ಮನ ಕೊನೆಯ ಏಳು ವರ್ಷ ಮೈ ತೊಳೆಸಿದವಳು ನೀನು’ ಎಂದಳು. ಈ ಮಾತು ನಾವು ಮಾರ್ಚಿನಲ್ಲೇ ಹೇಳಬೇಕಿತ್ತು ಎಂದು ನನಗನಿಸಿತು.

ಊಟದ ನಂತರ ಲಕೋಟೆಗಳ ಕೆಲಸ. ಬರಲಾಗದವರಿಗೆ ತೆನೆಯ ನಾಲ್ಕು ಕಾಳು ಅಂಚೆಯಲ್ಲಿ ಹೋಗಬೇಕು. ಹಿಂದೆ ಅಮ್ಮ ಮೊಂತಿಗೆ ಮುಂಚೆಯೇ ಮುಂಬಯಿಗೆ, ಕುವೈಟಿಗೆ, ದೋಹಾಕ್ಕೆ ವಿಳಾಸ ಬರೆಸಿ ಇಡುತ್ತಿದ್ದರು. ಅಪ್ಪ ಆ ಕಾಳನ್ನು ರೂಮಿನ ಗೆಳೆಯರೊಂದಿಗೆ ಹಂಚಿಕೊಂಡು ಹಾಲಿನಲ್ಲಿ ಹಾಕಿ ಕುಡಿಯುತ್ತಿದ್ದರಂತೆ. ಈ ಸಲ ಟೊರಾಂಟೊದಲ್ಲಿರುವ ನನ್ನ ಮಗನ ಹೆಸರು ನಾನೇ ಬರೆದೆ.

ಸೋಮವಾರ, ಸೆಪ್ಟೆಂಬರ್ 9

ಕಾರ್ಕಳದ ಅತ್ತೂರು. ಸಂತ ಲಾರೆನ್ಸರ ಈ ಇಗರ್ಜಿ 2016ರಲ್ಲಿ ಬಸಿಲಿಕಾ ಆಯಿತು. ಜನವರಿಯ ಜಾತ್ರೆ, ನಮ್ಮ ಕಡೆಯವರ ಬಾಯಲ್ಲಿ ಸಾಂತ್‌ಮಾರಿ, ಆಗ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲ ಜಾತಿ ಮತದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಸೆಪ್ಟೆಂಬರಿನ ಸೋಮವಾರ ನಾವು ಮತ್ತು ಒಂದೆರಡು ಕುಟುಂಬ. ಪುಟ್ಟ ಮರದ ಪ್ರತಿಮೆಯ ಮುಂದೆ ಬೇಕಾದಷ್ಟು ಹೊತ್ತು ಮೊಣಕಾಲೂರಿದೆವು. ಪುಷ್ಕರಿಣಿಯ ನೀರು ತಮ್ಮ ಬಾಟ್ಲಿಯಲ್ಲಿ ತುಂಬಿಕೊಂಡ.

ಇಲ್ಲಿನ ಸಾಲು: ‘ಅತ್ತೂರು – ಗುಡ್ಡೆಮನೆ ಹುಡುಗನಿಗೆ ಕೆಲಸ – ಎಣ್ಣೆ, ಬತ್ತಿ.’ ಆ ಹುಡುಗ ನಮಗೆ ಗೊತ್ತು. ಐದು ವರ್ಷ ಕೆಲಸವಿಲ್ಲದೆ ಕುಡಿತಕ್ಕೆ ಬಿದ್ದಿದ್ದ. ಕಳೆದ ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ಅಮ್ಮ ಹಾಸಿಗೆ ಹಿಡಿದಾಗಿತ್ತು. ತಮ್ಮ ಬೆಳಿಗ್ಗೆಯೇ ಅವನಿಗೆ ವಿಷಯ ತಿಳಿಸಿದ್ದ. ಅವನು ರಜೆ ಹಾಕಿ, ತನ್ನ ಬೈಕಿನಲ್ಲಿ ನಮ್ಮ ಕಾರಿನ ಹಿಂದೆಯೇ ಬಂದ. ಎಣ್ಣೆಯ ದುಡ್ಡನ್ನು ನಮಗೆ ಕೊಡಲು ಬಿಡಲಿಲ್ಲ. ‘ಆಂಟಿ ನನಗೆ ಒಂದು ದಿನವೂ ಬುದ್ಧಿ ಹೇಳಲಿಲ್ಲ’ ಎಂದ. ‘ಕುಡಿದು ಬಿದ್ದಿದ್ದರೆ ಎಬ್ಬಿಸಿ ಗಂಜಿ ಕೊಡುತ್ತಿದ್ದರು. ಉಪ್ಪಿನಕಾಯಿ ಬೇಕಾ ಎಂದು ಕೇಳುತ್ತಿದ್ದರು.’

ಅಕ್ಕನಿಗೆ ಅತ್ತೂರು ಬೇರೆಯೇ ನೆನಪು. ಕಾನ್ವೆಂಟಿಗೆ ಸೇರುವ ವರ್ಷ ಅಮ್ಮ ಅವಳನ್ನು ಇಲ್ಲಿಗೆ ಕರೆತಂದಿದ್ದರು. ಮಗಳು ಸಿಸ್ಟರ್ ಆಗುವುದಕ್ಕೆ ಊರಿನವರೆಲ್ಲ ಹೊಗಳುತ್ತಿದ್ದರು, ಅಮ್ಮನೂ ಎಲ್ಲರೆದುರು ನಗುತ್ತಿದ್ದರು. ಇಲ್ಲಿ ಪೂಜೆ ಮುಗಿಸಿ ಮೆಟ್ಟಿಲಲ್ಲಿ ಕೂತು, ‘ಮನಸ್ಸು ಬದಲಾದರೆ ವಾಪಸು ಬಾ. ಯಾರು ಏನೆಂದರೂ ಬಾಗಿಲು ತೆರೆದಿರುತ್ತದೆ. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ’ ಎಂದಿದ್ದರಂತೆ. ಈ ಐವತ್ತು ಚಿಲ್ಲರೆ ವರ್ಷದಲ್ಲಿ ಅಕ್ಕ ಈ ಮಾತನ್ನು ನಮಗೆ ಹೇಳಿರಲಿಲ್ಲ. ‘ಆ ಮಾತು ಇದ್ದದ್ದರಿಂದಲೇ ನಾನು ಉಳಿದೆ’ ಎಂದಳು.

ರಾತ್ರಿ ಕೊನೆಯ ಬಾಕಿ ಸಾಲನ್ನು ಮತ್ತೆ ಮತ್ತೆ ಓದಿದೆವು. ‘ಫರಂಗಿಪೇಟೆ – ಬಸ್ಸಿನಲ್ಲಿ ಅಳುತ್ತಿದ್ದ ಹುಡುಗಿ – ಒಂದು ಪೂಜೆ.’ ಹೆಸರಿಲ್ಲ. ಊರಿಲ್ಲ. ತಮ್ಮನಿಗೂ ನಾದಿನಿಗೂ ಏನೂ ತಿಳಿಯದು. ಇದರ ಮೇಲಿನ ಸಾಲು ಡಿಕ್ಲರೇಶನಿನ ತೀರ್ಪು ನಮ್ಮ ಕಡೆಗಾಗಲಿ ಎಂಬುದು, ಕೆಳಗಿನದು ತಮ್ಮನ ಕಾಮಾಲೆಯದು. ಅಂದರೆ 70ರ ದಶಕದ ನಡುವಿನ ಯಾವುದೋ ಒಂದು ದಿನ.

ಮಂಗಳವಾರ, ಸೆಪ್ಟೆಂಬರ್ 10

ಮಂಗಳೂರಿನವರೆಗೆ ಬಸ್ಸಿನಲ್ಲೇ ಹೋಗೋಣ ಎಂದಳು ಅಕ್ಕ. ಕಿನ್ನಿಗೋಳಿ, ಕಟೀಲು ದಾರಿಯ ಸರ್ವಿಸ್ ಬಸ್ಸು. ಅಮ್ಮ ಮಂಗಳೂರಿಗೆ ಹೋಗುತ್ತಿದ್ದದ್ದು ಹೀಗೇ. ಮಧ್ಯಾಹ್ನದವರೆಗೆ ಸಮಯವಿತ್ತೆಂದು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದೆವು. ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಮಾಡು ಎಲ್ಲ ತುಂಬಿಸಿದ ಚಿತ್ರಗಳು. ಅಮ್ಮ ನಮ್ಮನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬಂದು, ಒಂದೊಂದು ಚಿತ್ರದ ಕತೆಯನ್ನೂ ಕೊಂಕಣಿಯಲ್ಲಿ ಹೇಳಿದ್ದರು. ಈಗ ಟಿಕೆಟ್ ಇದೆ, ಮಾರ್ಗದರ್ಶಕರು ಇದ್ದಾರೆ.

ಫರಂಗಿಪೇಟೆ ಮಂಗಳೂರಿನಿಂದ ಬಂಟ್ವಾಳದ ದಾರಿಯಲ್ಲಿ, ನೇತ್ರಾವತಿಯ ಬದಿಗೆ. ಮೊಂತಿ ಹಬ್ಬಕ್ಕೆ ಹೆಸರು ಬಂದದ್ದೇ ಇಲ್ಲಿನ ಮೊಂತೆ ಮರಿಯಾನೊ ಗುಡ್ಡದಿಂದ. ಗೋವೆಯ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಈ ಹಬ್ಬ ಶುರುಮಾಡಿದರು ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. 1784ರಲ್ಲಿ, ಟಿಪ್ಪುವಿನ ಕಾಲದಲ್ಲಿ, ಕರಾವಳಿಯ ಕ್ರಿಸ್ತುವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರ ನಂತರ ಉಳಿದವರು ಹಿಂದಿರುಗಿ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಈಗ ಇಲ್ಲಿ ಕಪುಚಿನ್ ಸಭೆಯವರ ಮಠವಿದೆ. ಅಮ್ಮ ಆ ಹಳೆಯ ಕತೆಯನ್ನು ಯಾರ ಮೇಲೂ ಸಿಟ್ಟಿನಿಂದ ಹೇಳಿದವರಲ್ಲ. ಹಿಂದಿರುಗಿ ಬಂದವರು ಮೊದಲು ಬಿತ್ತಿದ್ದೇನು, ಮಕ್ಕಳಿಗೆ ಏನು ಉಣ್ಣಿಸಿದರು ಎಂದು ಅವರು ಯೋಚಿಸುತ್ತಿದ್ದರು.

ಗುಡ್ಡ ಹತ್ತುವಾಗ ಅಕ್ಕ ಲೆಕ್ಕ ಹಾಕಿದಳು. ಆ ಹುಡುಗಿಗೆ ಆಗ ಹದಿನೈದಿದ್ದರೆ ಈಗ ಅರವತ್ತೈದರ ಹತ್ತಿರ. ಯಾಕೆ ಅತ್ತಿರಬಹುದು? ಪರೀಕ್ಷೆ, ಮದುವೆ, ಮನೆಯಲ್ಲಿ ಸಾವು, ಏನಾದರೂ ಆಗಿರಬಹುದು. ಅಮ್ಮ ಪಕ್ಕದಲ್ಲಿ ಕೂತು ಮಾತಾಡಿಸಿರುತ್ತಾರೆ. ಅದರಲ್ಲಿ ನನಗೆ ಅನುಮಾನವಿಲ್ಲ. ಹೆಸರು ಕೇಳುವ ಮೊದಲೇ ಅವಳ ಸ್ಟಾಪು ಬಂದಿರಬೇಕು. ಹರಕೆ ಈಡೇರಿತೋ ಇಲ್ಲವೋ ತಿಳಿಯುವ ದಾರಿ ಇಲ್ಲದ್ದರಿಂದ ಅಮ್ಮ ಗೀಟು ಹಾಕದೆ, ಅವಳಿಗಾಗಿ ಬೇಡಿಕೊಳ್ಳುತ್ತಲೇ ಇದ್ದರೆಂದು ಅಕ್ಕನ ನಂಬಿಕೆ. ನನಗೂ ಹಾಗೆಯೇ ಅನಿಸುತ್ತದೆ.

ಮಠದ ಕಚೇರಿಯಲ್ಲಿ ಪೂಜೆಯ ಪುಸ್ತಕದ ಮುಂದೆ ವಯಸ್ಸಾದ ಫಾದರ್ ಒಬ್ಬರು ಕೂತಿದ್ದರು. ಯಾರ ಹೆಸರಿಗೆ ಎಂದು ಕೇಳಿದರು. ಅಕ್ಕ ಅಮ್ಮನ ಪುಸ್ತಕ ತೆರೆದು ಆ ಸಾಲನ್ನು ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು, ತೀರಿಕೊಂಡವರೇ, ಬದುಕಿದ್ದಾರೆಯೇ ಎಂದು ಕೇಳಿದರು.

‘ಬದುಕಿದ್ದಾರೆ ಎಂದೇ ಬರೆಯಿರಿ, ಫಾದರ್’ ಎಂದಳು ಅಕ್ಕ.

ಅವರು ಹಾಗೆಯೇ ಬರೆದು, ಮರುದಿನ ಬೆಳಗಿನ ಪೂಜೆಗೆ ಎಂದು ರಸೀದಿ ಹರಿದು ಕೊಟ್ಟರು.